ಪರವಾಗಿಲ್ಲ ಮಾಮನ ಕೋಶಗಳು

ಕೆಟ್ಟ ಸುದ್ದಿ ಹೇಳಲು ಬಾರದ ಮನುಷ್ಯನನ್ನು ಜೀವಕೋಶ ಸಾಕುವ ಕೆಲಸಕ್ಕೆ ಹಾಕಬಾರದು. ಈ ಸರಳ ಸಂಗತಿ ಆ ಸಂಶೋಧನಾಲಯದಲ್ಲಿ ಇಪ್ಪತ್ತಮೂರು ವರ್ಷ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಾದವರೆಲ್ಲ ಮಹಾ ಬುದ್ಧಿವಂತರು. ಅವರ ತಲೆಯಲ್ಲಿ ಇಂಥ ಸಣ್ಣ ವಿಷಯಗಳಿಗೆ ಜಾಗವಿರಲಿಲ್ಲ.

ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಕೋಶಗಳಿಗೆ ಊಟ ಹಾಕುತ್ತಿದ್ದ ಆ ಟೆಕ್ನೀಷಿಯನ್ನನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಅವನು ಎಲ್ಲರಿಗೂ ಪರವಾಗಿಲ್ಲ ಮಾಮ. ಯಾರಾದರೂ ಗಾಜಿನ ಜಾಡಿ ಒಡೆದರೆ, ಪರವಾಗಿಲ್ಲ. ಗರಗರ ತಿರುಗುವ ಯಂತ್ರ ಮೇಜಿನ ಮೇಲೆ ತಾನೇ ನಡೆದುಕೊಂಡು ಹೋಗಿ ಅಂಚಿನಲ್ಲಿ ನಿಂತರೆ, ಪರವಾಗಿಲ್ಲ. ಒಮ್ಮೆ ಅವನ ಕರುಳಿನ ತುದಿ ಬಾತು ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, ಎಲ್ಲಿ ನೋವು ಎಂದು ಕೇಳಿದ ಡಾಕ್ಟರಿಗೆ ಅವನು ಕೊಟ್ಟ ಉತ್ತರವೂ ಅದೇ. ಡಾಕ್ಟರು ಅದನ್ನು ನಂಬಿ ಅರ್ಧ ಗಂಟೆ ಬೇರೆ ರೋಗಿಯನ್ನು ನೋಡಲು ಹೋದದ್ದನ್ನು ಅವನ ಹೆಂಡತಿ ಇವತ್ತಿಗೂ ಕ್ಷಮಿಸಿಲ್ಲ. ಡಾಕ್ಟರನ್ನಲ್ಲ, ಗಂಡನನ್ನು.

ಬಾಯಿಯಲ್ಲಿ ಹೇಳಿ ಮುಗಿಸಿದ್ದರೆ ಪರವಾಗಿರಲಿಲ್ಲ. ಅವನು ಕೈಯಲ್ಲೂ ಪರವಾಗಿಲ್ಲ ಮಾಡುತ್ತಿದ್ದ. ಏಳು ವರ್ಷದ ಹಿಂದೆ ಪಕ್ಕದ ಮನೆಯ ಟೀಚರಮ್ಮ ಮಗಳ ಬಾಣಂತನಕ್ಕೆ ಹೋಗುವಾಗ ತಮ್ಮ ಕೆಂಪು ಗುಲಾಬಿಯ ಕುಂಡವನ್ನು ಇವನ ಕೈಗೆ ಒಪ್ಪಿಸಿದ್ದರು. ದಿನಕ್ಕೆ ಒಂದು ಲೋಟ ನೀರು ಅಂದಿದ್ದರು. ಇವನು ಪ್ರೀತಿಗೆ ಮೂರು ಲೋಟ ಹಾಕಿದ. ಬೇರು ಕೊಳೆತು ಗಿಡ ಕರ್ರಗಾಯಿತು. ಟೀಚರಮ್ಮ ಬರುವ ಹಿಂದಿನ ದಿನ ನರ್ಸರಿಗೆ ಓಡಿ, ಅಷ್ಟೇ ಎತ್ತರದ, ಅಷ್ಟೇ ಮುಳ್ಳಿನ ಇನ್ನೊಂದು ಗಿಡ ತಂದು ಅದೇ ಕುಂಡಕ್ಕೆ ನೆಟ್ಟು ಸುಮ್ಮನಾದ. ಬರೀ ಎಲೆ ಇರುವ ತನಕ ಎಲ್ಲ ಗುಲಾಬಿಯೂ ಒಂದೇ. ಮೂರು ತಿಂಗಳಿಗೆ ಅದು ಬೆಳ್ಳಗೆ ಹೂ ಬಿಟ್ಟಿತು. ಟೀಚರಮ್ಮ ನಲ್ಲಿ ನೀರಿನ ಮೇಲೆ ಗುಮಾನಿಪಟ್ಟು ನೀರಿನ ಇಲಾಖೆಗೆ ಎರಡು ಪತ್ರ ಬರೆದರು. ಆಮೇಲೆ ಮೊಟ್ಟೆಯ ಚಿಪ್ಪು, ತುಕ್ಕು ಹಿಡಿದ ಮೊಳೆ, ಬೀಟ್‌ರೂಟ್ ಬೇಯಿಸಿದ ನೀರು, ಹೀಗೆ ಏನೇನೋ ಹಾಕಿ ಹಳೆಯ ಬಣ್ಣ ಬರಿಸಲು ನೋಡುತ್ತಲೇ ಇದ್ದರು. ಮಾಮ ದಿನಾ ಬೆಳಿಗ್ಗೆ ಆ ಗಿಡದ ಮುಂದೆ ಮುಖ ತಿರುಗಿಸಿಕೊಂಡು ಬಸ್ಸಿಗೆ ಹೋಗುತ್ತಿದ್ದ.

ಇಂಥವನ ಕೈಯಲ್ಲಿ ಪಿಎಚ್‌ಡಿ ಹುಡುಗಿಯ ಕೋಶಗಳಿದ್ದವು.

ಹುಡುಗಿ ನಾಲ್ಕನೇ ವರ್ಷದವಳು. ಕಡ್ಡಿಯಂಥ ಮೈ, ಕೂದಲಿಗೆ ಸದಾ ಸಿಕ್ಕಿಸಿಕೊಂಡ ಪೆನ್ನು, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸ್ಟೀಲ್ ಲೋಟದಲ್ಲಿ ಆರಿದ ಟೀ. ಅವಳು ಕೆಲಸ ಮಾಡುತ್ತಿದ್ದುದು ಎಚ್‌ಐವಿ ವೈರಸ್ಸಿನ ನೆಫ್ ಎಂಬ ಒಂದು ಪ್ರೋಟೀನಿನ ಮೇಲೆ. ಈ ನೆಫ್ ಇದ್ದರೆ ವೈರಸ್ಸಿಗೆ ಸೋಂಕು ತಗುಲಿಸುವ ಶಕ್ತಿ ಹತ್ತಿಪ್ಪತ್ತು ಪಟ್ಟು ಏರುತ್ತದೆ, ಇಲ್ಲದಿದ್ದರೆ ಅದೇ ವೈರಸ್ಸು ನಿತ್ರಾಣವಾಗುತ್ತದೆ. ಬೇರೆ ಬೇರೆ ರೋಗಿಗಳಿಂದ ಬಂದ ನೆಫ್‌ಗಳಲ್ಲಿ ಯಾವುದು ಎಷ್ಟು ಗಟ್ಟಿ ಎಂದು ಅಳೆಯುವುದು ಅವಳ ಪ್ರಬಂಧ. ಒಳಗಿನ ಬೀಗದ ಕೋಣೆಯಲ್ಲಿ, ಎರಡೆರಡು ಕೈಗವಸು ಹಾಕಿಕೊಂಡು, ಮಾಮ ಸಾಕಿಕೊಟ್ಟ ಕೋಶಗಳಲ್ಲಿ ಅವಳು ವೈರಸ್ಸನ್ನು ಬೆಳೆಸುತ್ತಿದ್ದಳು. ಬೆಳೆದದ್ದನ್ನು ಇನ್ನೊಂದು ಬಗೆಯ ಕೋಶಗಳ ಮೇಲೆ ಬಿಡುತ್ತಿದ್ದಳು. ವೈರಸ್ಸು ಒಳಹೊಕ್ಕ ಕೋಶ ಮಿನುಗುತ್ತಿತ್ತು. ಎಷ್ಟು ಮಿನುಗು, ಅಷ್ಟು ಸೋಂಕು. ಮಾಮ ಆ ಬೀಗದ ಕೋಣೆಗೆ ಒಂದು ಸಲವೂ ಕಾಲಿಟ್ಟವನಲ್ಲ. ಬಾಗಿಲಿನ ಗಾಜಿನಲ್ಲಿ ಅವಳ ಬೆನ್ನು ನೋಡಿ, ಬೆನ್ನು ನೆಟ್ಟಗಿದ್ದರೆ ಪ್ರಯೋಗ ಚೆನ್ನಾಗಿ ನಡೆದಿದೆ ಎಂದು ತಿಳಿದುಕೊಳ್ಳುತ್ತಿದ್ದ.

ಕೋಶ ಸಾಕುವುದು ಹಸು ಸಾಕಿದಷ್ಟೇ ಜವಾಬ್ದಾರಿ. ಹಾಲು ಮಾತ್ರ ಇಲ್ಲ. ಎರಡು ದಿನಕ್ಕೊಮ್ಮೆ ಗುಲಾಬಿ ಬಣ್ಣದ ಪೋಷಕ ದ್ರವ ಬದಲಿಸಬೇಕು, ಒತ್ತೊತ್ತಾಗಿ ಬೆಳೆದರೆ ಎರಡು ಫ್ಲಾಸ್ಕಿಗೆ ಪಾಲು ಮಾಡಬೇಕು, ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಂಗಾಲದ ಗಾಳಿ ಹದವಾಗಿ ಬರುತ್ತಿದೆಯೇ ನೋಡಬೇಕು. ಗಾಳಿ ಬರುವುದು ಮೂಲೆಯಲ್ಲಿ ಸರಪಳಿ ಕಟ್ಟಿಸಿಕೊಂಡು ನಿಂತ ಸಿಲಿಂಡರಿನಿಂದ. ರಜೆ ಬಂದರೂ ನಡುವೆ ಒಂದು ದಿನ ಬಂದು ಅದರ ಮುಳ್ಳು ನೋಡಿ ಹೋಗುವುದು ಮಾಮನ ಕೆಲಸ. ಇಪ್ಪತ್ತಮೂರು ವರ್ಷ ತಪ್ಪದೆ ನೋಡಿದ್ದ.

ತಪ್ಪಿದ್ದು ಮನೆ ಹುಡುಕುವ ದೆಸೆಯಿಂದ. ಇದ್ದ ಬಾಡಿಗೆ ಮನೆಯ ಮಾಲೀಕರು ತಮ್ಮ ಮಗನಿಗೆ ಮನೆ ಬೇಕು, ಖಾಲಿ ಮಾಡಿ ಎಂದಿದ್ದರು. ಭಾನುವಾರ ಬಂದರೆ ಮಾಮ, ಹೆಂಡತಿ ಮತ್ತು ಹೆಂಡತಿಯ ತಮ್ಮ ಮೂವರೂ ಮನೆ ನೋಡಲು ಹೊರಡುತ್ತಿದ್ದರು. ಭಾವಮೈದ ಯಾಕೆ ಎಂದರೆ, ಅವನು ನಲ್ಲಿ ರಿಪೇರಿಯವನು; ನೀರಿನ ಪೈಪು ಅವನಿಗೆ ಗೊತ್ತಾಗುತ್ತದೆ ಎಂದು ಅಕ್ಕನ ವಾದ. ಅವನಿಗೆ ಪೈಪೂ ಗೊತ್ತಾಗುತ್ತಿತ್ತು, ಸುಮ್ಮನಿರುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಮನೆ ಮಾಲೀಕರ ಎದುರೇ ನಲ್ಲಿ ತಿರುಗಿಸಿ, ಇದನ್ನು ಯಾವ ಪುಣ್ಯಾತ್ಮ ಹಾಕಿದ್ದು ಎಂದು ಕೇಳುತ್ತಿದ್ದ. ಆಮೇಲೆ ಸಲುಗೆ ಬೆಳೆದು, ನಮ್ಮ ಭಾವನ ಗೊರಕೆಗೆ ಹಳೇ ಮನೆಯ ಗೋಡೆ ಬಿರುಕು ಬಿಟ್ಟಿದೆ, ಅಕ್ಕ ಬೆಳಕು ಹರಿಯುವ ಮುಂಚೆ ಎದ್ದು ಪಾತ್ರೆ ಬಡಿಯುತ್ತಾಳೆ, ಆದರೂ ಬಹಳ ಒಳ್ಳೆಯವರು ಎಂದು ಶಿಫಾರಸು ಮಾಡುತ್ತಿದ್ದ. ಒಂದಾದ ಮೇಲೊಂದು ಮನೆಯವರು ಯೋಚಿಸಿ ಹೇಳುತ್ತೇವೆ ಎಂದು ಬಾಗಿಲು ಹಾಕಿಕೊಂಡರು. ಯೋಚಿಸಿದವರು ಯಾರೂ ಹೇಳಲಿಲ್ಲ.

ಆ ಸಲ ಶನಿವಾರದಿಂದ ಸೋಮವಾರದವರೆಗೆ ಮೂರು ದಿನ ರಜೆ. ಶುಕ್ರವಾರ ಸಂಜೆ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಇತ್ತು. ಮಾಮ ಅದಕ್ಕೂ ಪರವಾಗಿಲ್ಲ ಎಂದ. ಭಾನುವಾರ ಬಂದು ಬದಲಿಸಿದರಾಯಿತು. ಭಾನುವಾರ ಊರಿನ ಆ ತುದಿಯಲ್ಲಿ ಎರಡು ಮನೆ ನೋಡಿ, ಎರಡರಲ್ಲೂ ಭಾವಮೈದನ ದಯೆಯಿಂದ ಹೊರಬಿದ್ದು, ಬಸ್ಸು ತಪ್ಪಿ, ಹೆಂಡತಿಯ ಕಾಲು ಊದಿ, ಮಾಮ ಸೀದಾ ಮನೆಗೆ ಹೋದ. ಸೋಮವಾರ ಗೊಣಗಾಟ ಕೇಳುವುದರಲ್ಲೇ ಕಳೆಯಿತು. ಮಂಗಳವಾರ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ, ಗುಲಾಬಿ ಬಣ್ಣದ ದ್ರವ ನೇರಳೆಯಾಗಿತ್ತು. ಗಾಳಿ ನಿಂತು ಒಂದು ದಿನದ ಮೇಲಾಗಿತ್ತು ಅಂತ ಅರ್ಥ. ಒಂದು ತೊಟ್ಟು ತೆಗೆದು ನೀಲಿ ಬಣ್ಣ ಬೆರೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದ. ಬದುಕಿದ ಕೋಶ ಆ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಕುಡಿಯುತ್ತದೆ. ನೂರಕ್ಕೆ ತೊಂಬತ್ತು ನೀಲಿ.

ಅಷ್ಟು ಹೊತ್ತಿಗೆ ಹುಡುಗಿ ಕಾರಿಡಾರಿನಲ್ಲಿ ಬರುತ್ತಿದ್ದಳು. ಯಾವುದೋ ಸಮ್ಮೇಳನದಲ್ಲಿ ಅವಳ ಭಿತ್ತಿಪತ್ರಕ್ಕೆ ಎರಡನೇ ಬಹುಮಾನ ಬಂದಿತ್ತು. ಕೈಯಲ್ಲಿ ಫಲಕ, ಮುಖದಲ್ಲಿ ನಾಲ್ಕು ವರ್ಷದಲ್ಲಿ ಮಾಮ ಒಂದು ಸಲವೂ ನೋಡದ ನಗು.

"ಹೇಗಿವೆ ಮಾಮ ನನ್ನ ಮಕ್ಕಳು?"

"ಚೆನ್ನಾಗಿವೆ ತಾಯಿ. ನೀನು ಮೊದಲು ಟೀ ಕುಡಿ ಹೋಗು."

ಅವಳು ಟೀ ಕುಡಿಯುವ ಇಪ್ಪತ್ತು ನಿಮಿಷದಲ್ಲಿ ಅವನು ಗುಲಾಬಿ ಗಿಡದ ಕೆಲಸ ಮಾಡಿದ. ಸರಿಯಾದ ದಾರಿ ಒಂದಿತ್ತು: ಅದೇ ಕೋಶಗಳ ಹೆಪ್ಪುಗಟ್ಟಿದ ಟ್ಯೂಬುಗಳು ಹೊಗೆಯಾಡುವ ಶೀತದ ಟ್ಯಾಂಕಿನಲ್ಲಿದ್ದವು. ಆದರೆ ಟ್ಯಾಂಕಿನ ಬೀಗ ದೊಡ್ಡ ಮೇಷ್ಟ್ರ ಬಳಿ, ಅಂದರೆ ಆ ಪ್ರಯೋಗಾಲಯದ ಮುಖ್ಯಸ್ಥರ ಬಳಿ. ಟ್ಯೂಬು ತೆಗೆಯಬೇಕಾದರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಕಾರಣ ಎನ್ನುವ ಜಾಗದಲ್ಲಿ ಭಾವಮೈದ ಎಂದು ಬರೆಯಲಾಗುವುದಿಲ್ಲ. ಎದುರಿನ ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಅದೇ ಥರದ ಕೋಶ, ಅದೂ ಮನುಷ್ಯನ ರಕ್ತದ ಬಿಳಿ ಕೋಶಗಳ ವಂಶ, ಧಾರಾಳವಾಗಿ ಬೆಳೆಯುತ್ತಿತ್ತು. ಅಲ್ಲಿನ ಅಟೆಂಡರನ್ನು ಕೇಳಿ ಒಂದು ಫ್ಲಾಸ್ಕು ತಂದ. ಗಾಜಿನಡಿ ಇದೂ ದುಂಡಗೆ, ಅದೂ ದುಂಡಗೆ. ಹತ್ತು ದಿನ ಇದರಲ್ಲಿ ನಡೆಸಿ, ಆಮೇಲೆ ಏನಾದರೂ ನೆಪ ಹೇಳಿ ಟ್ಯಾಂಕಿನದು ತೆಗೆದರಾಯಿತು ಎಂದುಕೊಂಡು ಅವಳ ಕೋಶದ ಹೆಸರು ಬರೆದ ಚೀಟಿ ಅಂಟಿಸಿದ. ಎರಡನೇ ಶೆಲ್ಫಿನಲ್ಲಿಟ್ಟ. ಚೀಟಿ ಸ್ವಲ್ಪ ಓರೆಯಾಗಿತ್ತು. ಚೀಟಿಗೂ ಪರವಾಗಿಲ್ಲ ಎಂದ.

ಆ ಹತ್ತು ದಿನ ನಾಲ್ಕು ತಿಂಗಳಾಯಿತು.

ಮೊದಲ ವಾರ ದೊಡ್ಡ ಮೇಷ್ಟ್ರು ಪರದೇಶದಲ್ಲಿದ್ದರು. ಅವರು ಬರುವುದರೊಳಗೆ ಹುಡುಗಿ ಎರಡು ಪ್ರಯೋಗ ಮುಗಿಸಿದ್ದಳು. ಈಗ ಮತ್ತೆ ಬದಲಿಸಿದರೆ ಏನಾದರೂ ವ್ಯತ್ಯಾಸ ಕಂಡು ಸಿಕ್ಕಿಬೀಳುತ್ತೇನೆ ಎಂದು ಮಾಮ ಹೆದರಿದ. ಹೆದರಿದ್ದು ಸರಿಯೇ ಇತ್ತು, ಆದರೆ ತಿರುಗುಮುರುಗಾಗಿ. ವ್ಯತ್ಯಾಸ ಕಾಣುವುದು ನಿಂತೇಹೋಗಿತ್ತು. ನೆಫ್ ಇದ್ದ ವೈರಸ್ಸು ಎಷ್ಟು ಮಿನುಗಿಸಿತೋ, ನೆಫ್ ಕಿತ್ತುಹಾಕಿದ ವೈರಸ್ಸೂ ಹೆಚ್ಚುಕಡಿಮೆ ಅಷ್ಟೇ ಮಿನುಗಿಸುತ್ತಿತ್ತು. ಪ್ರಪಂಚದಲ್ಲೆಲ್ಲ ಸಿಗುವ ಫಲಿತಾಂಶ ಈ ಎರಡನೇ ಮಹಡಿಯಲ್ಲಿ ಮಾತ್ರ ಸಿಗಲೊಲ್ಲದು.

ಹುಡುಗಿ ಮತ್ತೆ ಮಾಡಿದಳು. ವೈರಸ್ಸಿನ ನಕಲು ತಪ್ಪಿರಬಹುದೆಂದು ಅದರ ಡಿಎನ್‌ಎಯ ಅಕ್ಷರಗಳ ಸಾಲನ್ನು ಎರಡು ಸಲ ಓದಿಸಿದಳು. ಸರಿಯಿತ್ತು. ನೀರು ಬದಲಿಸಿದಳು, ಹನಿ ಅಳೆಯುವ ಪಿಪೆಟ್ಟು ಸರಿಯಿದೆಯೇ ಎಂದು ತೂಗಿ ನೋಡಿಸಿದಳು, ಮಿನುಗು ಅಳೆಯುವ ಯಂತ್ರದ ದೀಪ ಬದಲಿಸಿದಳು. ಏನೇ ಬದಲಿಸಿದರೂ ಕೋಶ ಮಾತ್ರ ಬದಲಿಸಲಿಲ್ಲ. ಕೋಶ ಸಾಕುವವನು ಮಾಮನಲ್ಲವೇ. ಯಾರಾದರೂ ಕೋಶದ ಮೇಲೆ ಬೆರಳು ತೋರಿಸಿದರೆ ಅವಳಿಗೆ ಕೋಪ ಬರುತ್ತಿತ್ತು. ಇಡೀ ಕಟ್ಟಡದಲ್ಲಿ ನಂಬಬಹುದಾದದ್ದು ಅದೊಂದೇ ಎನ್ನುತ್ತಿದ್ದಳು. ಅದನ್ನು ಕೇಳಿದ ದಿನ ಮಾಮ ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸ್ ಒಯ್ಯುತ್ತಿದ್ದ.

ದೊಡ್ಡ ಮೇಷ್ಟ್ರಿಗೆ ವ್ಯಂಗ್ಯ ಬಹಳ ಚೆನ್ನಾಗಿ ಬರುತ್ತಿತ್ತು. ವಿಜ್ಞಾನಿಯಾಗದಿದ್ದರೆ ಯಾವುದಾದರೂ ಮನೆಯಲ್ಲಿ ಅತ್ತೆಯಾಗಬಹುದಿತ್ತು. ಸೋಮವಾರದ ಸಭೆಯಲ್ಲಿ ಎಲ್ಲರ ಎದುರು, "ಊರವರ ನೆಫ್ ಎಲ್ಲ ಕೆಲಸ ಮಾಡುತ್ತೆ, ನಿನ್ನ ನೆಫ್ ಮಾತ್ರ ರಜೆ ಹಾಕಿದೆ ನೋಡಮ್ಮ" ಎಂದರು. ಎಲ್ಲರೂ ನಕ್ಕರು. ಹುಡುಗಿ ಕೂದಲಿನ ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡಳು. ಬರುವ ಗುರುವಾರ ಪರಿಶೀಲನಾ ಸಮಿತಿ ಕೂರುತ್ತದೆ, ಅಷ್ಟರಲ್ಲಿ ತೋರಿಸಲು ಏನೂ ಇಲ್ಲದಿದ್ದರೆ ಈ ವಿಷಯ ನಿಲ್ಲಿಸುವುದೇ ಒಳ್ಳೆಯದು ಎಂದೂ ಮೇಷ್ಟ್ರು ಹೇಳಿದರು. ವಿಷಯ ನಿಲ್ಲಿಸಿದರೆ ನಾಲ್ಕು ವರ್ಷ ನೀರಿಗೆ ಹಾಕಿದಂತೆ. ಹೊಸ ವಿಷಯ ಹಿಡಿಯುವಷ್ಟು ಅವಧಿ ಅವಳಿಗೆ ಉಳಿದಿರಲಿಲ್ಲ.

ಮಾಮ ತನಗೆ ತಾನೇ ಹೇಳಿಕೊಂಡ ಸಮಾಧಾನ ಏನೆಂದರೆ, ಕೋಶ ಬದಲಿಸಿದ್ದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ. ತಪ್ಪು ವೈರಸ್ಸಿನದೋ, ನೆಫ್‌ನದೋ, ನೀರಿನದೋ ಇರಬೇಕು. ಕೋಶ ಅಂದರೆ ಬರೀ ಮನೆ ಇದ್ದ ಹಾಗೆ, ಯಾವ ಮನೆಯಾದರೇನು. ಟೀಚರಮ್ಮನ ಹಾಗೆ ಅವನೂ ನೀರಿನ ಮೇಲೆ ಹಾಕಿ ನಾಲ್ಕು ತಿಂಗಳು ದಬ್ಬಿದ್ದ.

ಸಭೆಯ ಮರುದಿನ, ಮಂಗಳವಾರ ಮಧ್ಯಾಹ್ನ, ಹುಡುಗಿ ಕೋಶದ ಕೋಣೆಗೆ ಬಂದು, ಸ್ಟೂಲಿನ ಮೇಲೆ ಕುಸಿದು, ಗೋಡೆಗೆ ತಲೆ ಆನಿಸಿದಳು. ಬೆಳಿಗ್ಗೆ ನೋಡಿದ ಪ್ರಯೋಗದ ತಟ್ಟೆಯಲ್ಲೂ ನೆಫ್ ಇದ್ದ ಸಾಲು, ಇಲ್ಲದ ಸಾಲು ಎರಡೂ ಒಂದೇ ಸಮ ಮಿನುಗಿದ್ದವು. ಅವಳು ಅಳಲಿಲ್ಲ. ಅತ್ತಿದ್ದರೆ ಮಾಮನಿಗೆ ಏನು ಹೇಳಬೇಕೆಂದು ಗೊತ್ತಿತ್ತು. ಸುಮ್ಮನೆ ಕೂತದ್ದು ನೋಡಿ ಅವನಿಗೆ ದಿಕ್ಕು ತೋಚದೆ, ಹಾಳಾದ ಈ ನೆಫ್ ಮಾಡುವುದಾದರೂ ಏನು ಎಂದು ಕೇಳಿದ. ಇಪ್ಪತ್ತಮೂರು ವರ್ಷದಲ್ಲಿ ಅವನು ಕೇಳಿದ ಮೊದಲ ವಿಜ್ಞಾನದ ಪ್ರಶ್ನೆ.

ಅವಳು ಆರಿದ ಟೀ ಕುಡಿಯುತ್ತ ಹೇಳಿದಳು. ವೈರಸ್ಸು ಒಂದು ಕೋಶದಲ್ಲಿ ಹುಟ್ಟಿ ಹೊರಡುವಾಗ ಆ ಕೋಶದ ಪೊರೆಯ ಒಂದು ತುಂಡನ್ನೇ ಹೊದ್ದುಕೊಂಡು ಹೊರಡುತ್ತದೆ. ಆ ಪೊರೆಯಲ್ಲಿ ಸೆರಿಂಕ್ ಎಂಬ, ಕೋಶದ್ದೇ ಆದ ಒಂದು ಪ್ರೋಟೀನ್ ಕೂತಿರುತ್ತದೆ. ವೈರಸ್ಸಿನ ಹೊದಿಕೆಯ ಜೊತೆ ಅದೂ ಹೊರಡುತ್ತದೆ. ಮುಂದಿನ ಕೋಶದ ಬಾಗಿಲಿಗೆ ಹೋದಾಗ ಇದು ಅಡ್ಡಗಾಲು ಹಾಕುತ್ತದೆ. ವೈರಸ್ಸಿನ ಪೊರೆ ಆ ಕೋಶದ ಪೊರೆಯ ಜೊತೆ ಕೂಡಿಕೊಳ್ಳಲು ಬಿಡುವುದಿಲ್ಲ. ವೈರಸ್ಸು ಬಾಗಿಲಲ್ಲೇ ನಿಲ್ಲುತ್ತದೆ.

ಮಾಮ ಕೈಯಲ್ಲಿದ್ದ ಫ್ಲಾಸ್ಕು ಕೆಳಗಿಟ್ಟ. "ಜೊತೆಗೆ ಬಂದು ಕೆಲಸ ಕೆಡಿಸುತ್ತೆ ಅನ್ನು."

"ಹೂಂ ಮಾಮ. ಬೇಡ ಅಂದ್ರೂ ಜೊತೆಗೆ ಬರುತ್ತೆ."

"ನಮ್ಮ ಭಾವಮೈದ."

ಹುಡುಗಿಗೆ ಮನೆ ಹುಡುಕುವ ಕಥೆಯೆಲ್ಲ ಗೊತ್ತಿತ್ತು. ಅಷ್ಟು ಸುಸ್ತಿನಲ್ಲೂ ಅವಳ ತುಟಿ ಸ್ವಲ್ಪ ಅಲುಗಿತು. ಹಿಂದಿನ ಭಾನುವಾರವಷ್ಟೇ ಮಾಮನಿಗೆ ಮನೆ ಸಿಕ್ಕಿತ್ತು. ಹನ್ನೊಂದು ಮನೆ ಕೈತಪ್ಪಿದ ಮೇಲೆ ಹೆಂಡತಿಗೆ ಜ್ಞಾನೋದಯವಾಗಿ, ಹನ್ನೆರಡನೆಯದಕ್ಕೆ ಹೊರಡುವ ಮುಂಚೆ ತಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಸ್ನಾನದ ಮನೆಯ ಪೈಪು ಸೋರುತ್ತಿದೆ, ನಾವು ಬರುವವರೆಗೆ ಬಿಟ್ಟು ಕದಲಬೇಡ ಎಂದು ಕೂರಿಸಿದ್ದಳು. ಪೈಪು ತಾನಾಗಿ ಸೋರುತ್ತಿರಲಿಲ್ಲ. ಅವಳೇ ಬೆಳಿಗ್ಗೆ ತಿರುಪು ಸಡಿಲಿಸಿದ್ದಳು. ಗಂಡ ಹೆಂಡತಿ ಇಬ್ಬರೇ ಹೋದರು, ಎರಡು ಮಾತಿಗೆ ಮನೆ ಸಿಕ್ಕಿತು.

"ನೆಫ್ ಮಾಡೋದೂ ಅದನ್ನೇ" ಎಂದಳು ಹುಡುಗಿ. "ವೈರಸ್ಸು ಹೊರಡೋ ಮುಂಚೆನೇ ಸೆರಿಂಕನ್ನ ಪೊರೆಯಿಂದ ಒಳಗೆ ಎಳ್ಕೊಂಡು, ಸೆಲ್ಲಿನ ಕಸದ ಕೋಣೆಗೆ ಕಳಿಸಿಬಿಡುತ್ತೆ. ಆಮೇಲೆ ವೈರಸ್ಸಿಗೆ ಯಾವ ಮನೆಯಾದ್ರೂ ಸಿಗುತ್ತೆ."

"ಹಾಗಾದ್ರೆ ನಿನ್ನ ನೆಫ್ ಅಂದ್ರೆ ನಮ್ಮನೆಯವಳೇ." ಅವನಿಗೆ ಖುಷಿಯಾಯಿತು. ಹೆಂಡತಿಗೆ ಹೇಳಬೇಕು ಎಂದುಕೊಂಡ. ಹೇಳಿದರೆ ಆಗುವ ಪರಿಣಾಮ ನೆನೆದು ಬಿಟ್ಟ. ಆಮೇಲೆ ಹಾಗೇ ಯೋಚಿಸುತ್ತ ಕೇಳಿದ: "ಭಾವಮೈದನೇ ಇಲ್ಲದ ಸಂಸಾರ ಆದ್ರೆ?"

"ಆಗ ನೆಫ್‌ಗೆ ಏನು ಕೆಲಸ? ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ. ಅಂಥ ಸೆಲ್ಸೂ ಇವೆ ಮಾಮ, ಸೆರಿಂಕ್ ಇಲ್ಲವೇ ಇಲ್ಲ ಅನ್ನೋವಷ್ಟು ಕಡಿಮೆ. ಎದುರಿನ ಲ್ಯಾಬಿನೋರು ಇಟ್ಕೊಂಡಿರೋದು ಅಂಥದ್ದೇ. ಅದಕ್ಕೇ ನಾನು ಅದನ್ನ ಮುಟ್ಟೋದಿಲ್ಲ. ನಮ್ಮದರಲ್ಲಿ ತುಂಬಿ ತುಳುಕುತ್ತೆ."

ಅವಳು ಲೋಟ ಎತ್ತಿಕೊಂಡು ಹೋದಳು. ಮಾಮ ಎರಡನೇ ಶೆಲ್ಫು ನೋಡಿದ. ಇನ್‌ಕ್ಯುಬೇಟರಿನ ಗಾಜಿನ ಹಿಂದೆ, ಅವನ ಕೈಬರಹದ ಚೀಟಿ ಅಂಟಿಸಿಕೊಂಡ ಆರು ಫ್ಲಾಸ್ಕುಗಳು ಗುಲಾಬಿ ಬಣ್ಣದಲ್ಲಿ ಸೊಂಪಾಗಿದ್ದವು. ನಾಲ್ಕು ತಿಂಗಳಿಂದ ಅವು ಹೂ ಬಿಡುತ್ತಲೇ ಇದ್ದವು, ಬೆಳ್ಳಗೆ. ಕೆಂಪು ಯಾಕೆ ಬರುತ್ತಿಲ್ಲ ಎಂದು ಆ ಹುಡುಗಿ ಮೊಳೆ, ಚಿಪ್ಪು, ಬೀಟ್‌ರೂಟ್ ಎಲ್ಲ ಹಾಕಿ ನೋಡಿದ್ದಳು.

ಸಂಜೆ ಅವನು ಕೋಶ ಬದಲಿಸಿದ ಕಥೆಯನ್ನು ಹೆಂಡತಿಗೆ ಹೇಳಿದ. ಮನೆ ಖಾಲಿ ಮಾಡುವ ಗಲಾಟೆಯಲ್ಲಿ ಪಾತ್ರೆ ಕಟ್ಟುತ್ತಿದ್ದ ಅವಳು ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು. ಯಾರದೂ ಪ್ರಾಣ ಹೋಗುವ ವಿಷಯವಲ್ಲವಲ್ಲ ಎಂದು ಅವನು ಮೆಲ್ಲಗೆ ಸೇರಿಸಿದ. ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು.

"ರೀ, ಅವತ್ತು ಆಸ್ಪತ್ರೇಲಿ ನೀವು ಬಾಯಿಬಿಡಲಿಲ್ಲ. ಹೊಟ್ಟೆ ನಿಮ್ಮದು, ನಿಮ್ಮ ಇಷ್ಟ. ಇದು ಆ ಮಗೂದು."

ಬುಧವಾರ ಬೆಳಿಗ್ಗೆ ಮಾಮ ಎಂಟಕ್ಕೇ ಬಂದು, ಬೀಗದ ಕೋಣೆಯ ಹೊರಗೆ ನಿಂತ. ಹುಡುಗಿ ಬಂದಳು. ಅವನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸಿಲಿಂಡರು, ಭಾನುವಾರ, ಬಸ್ಸು ತಪ್ಪಿದ್ದು, ಹೆಂಡತಿಯ ಕಾಲು ಎಂದು ಹಿಂದುಮುಂದಾಗಿ ಶುರುಮಾಡಿ, ಕೊನೆಗೆ, "ನಿನ್ನವು ಸತ್ತುಹೋದವು ತಾಯಿ. ಇವು ಎದುರಿನವರವು" ಎಂದ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೇಳಿದ್ದು ಒಂದೇ: ಯಾವ ತಾರೀಖು. ಅವನು ಹೇಳಿದ. ಅವಳು ಪೆನ್ನು ತೆಗೆದು ಪುಸ್ತಕದಲ್ಲಿ ಬರೆದುಕೊಂಡಳು. ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದಳು, ಮತ್ತೆ ಮುಂದಕ್ಕೆ. ಬಹಳ ಹಾಳೆಗಳಿದ್ದವು.

"ನೀವು ಬೈದಿದ್ರೂ ನನಗೆ ಇಷ್ಟು ನೋವಾಗ್ತಿರಲಿಲ್ಲ ಮಾಮ. ಒಂದು ಮಾತು. ಸತ್ತಿವೆ ಅಂತ ಒಂದು ಮಾತು."

ಮಾಮನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅವಳು ಕೈ ಅಡ್ಡ ಹಿಡಿದಳು.

"ಪರವಾಗಿಲ್ಲ ಅಂತ ಮಾತ್ರ ಹೇಳಬೇಡಿ. ಇವತ್ತೊಂದು ದಿನ ಹೇಳಬೇಡಿ."

ಅವನು ಬಾಯಿ ಮುಚ್ಚಿದ.

ಆ ದಿನ ಅವಳು ಆರು ಫ್ಲಾಸ್ಕಿನಿಂದಲೂ ಒಂದೊಂದು ಪಾಲು ತೆಗೆದಳು. ತನ್ನ ಹಳೆಯ ಕೋಶಗಳಿಂದ ಹಿಂದೆಂದೋ ತೆಗೆದು ಹೆಪ್ಪುಗಟ್ಟಿಸಿಟ್ಟ ಆರ್‌ಎನ್‌ಎ, ಅಂದರೆ ಯಾವ ಪ್ರೋಟೀನ್ ಎಷ್ಟು ಬೇಕೆಂದು ಕೋಶ ಬರೆದುಕೊಂಡ ಚೀಟಿ, ಇತ್ತು, ಅದನ್ನು ಪಕ್ಕದಲ್ಲಿಟ್ಟುಕೊಂಡು ಎರಡರಲ್ಲೂ ಸೆರಿಂಕಿನ ಸಂದೇಶ ಎಷ್ಟಿದೆ ಎಂದು ಅಳೆದಳು. ಯಂತ್ರ ಎರಡು ಗಂಟೆ ಓಡಿತು. ಹಳೆಯದರಲ್ಲಿ ಗೆರೆ ಬೇಗ ಮೇಲೆದ್ದಿತು, ಅಂದರೆ ಸೆರಿಂಕ್ ಧಾರಾಳ. ಮಾಮನ ಆರೂ ಫ್ಲಾಸ್ಕುಗಳ ಗೆರೆ ನೆಲಕ್ಕಂಟಿ ಮಲಗಿ, ಕೊನೆಯಲ್ಲಿ ಒಲ್ಲದ ಮನಸ್ಸಿನಿಂದ ಒಂದಿಷ್ಟು ತಲೆಯೆತ್ತಿತು. ಭಾವಮೈದ ಮನೆಯಲ್ಲಿರಲಿಲ್ಲ. ನಾಲ್ಕು ತಿಂಗಳು ಅವಳ ಕೈಯೂ ಸರಿಯಿತ್ತು, ನೆಫ್ ಕೂಡ ಸರಿಯಿತ್ತು. ಇದು ಸಮಾಧಾನವೋ ಹೊಟ್ಟೆಯುರಿಯೋ ಅವಳಿಗೇ ತಿಳಿಯಲಿಲ್ಲ. ಮಾಮ ಬಾಗಿಲ ಗಾಜಿನಲ್ಲಿ ಅವಳ ಬೆನ್ನು ನೋಡಿದ. ನೆಟ್ಟಗೂ ಇರಲಿಲ್ಲ, ಬಾಗಿಯೂ ಇರಲಿಲ್ಲ.

ಗುರುವಾರ ಸಮಿತಿಯ ಮುಂದೆ ಅವಳು ಇದ್ದದ್ದನ್ನು ಇದ್ದ ಹಾಗೆ ಇಟ್ಟಳು. ಸಮಿತಿಯ ಹಿರಿಯರೊಬ್ಬರು, ಇದರಿಂದ ಸಾಬೀತಾದದ್ದು ನಿಮ್ಮ ಟೆಕ್ನೀಷಿಯನ್ನನ ಸಾಮರ್ಥ್ಯ ಮಾತ್ರ ಎಂದರಂತೆ. ಇನ್ನೊಬ್ಬರು, ಸೆರಿಂಕ್ ಇಲ್ಲದಾಗ ನೆಫ್‌ನಿಂದ ಲಾಭವಿಲ್ಲ ಎಂಬುದನ್ನು ತನಗೇ ತಿಳಿಯದೆ ಇಷ್ಟು ಸಲ ತೋರಿಸಿದ ವಿದ್ಯಾರ್ಥಿನಿ ಇವಳೊಬ್ಬಳೇ ಇರಬೇಕು ಎಂದರಂತೆ. ಅದು ಹೊಗಳಿಕೆಯೇ ಎಂದು ಯಾರಿಗೂ ಖಾತ್ರಿಯಾಗಲಿಲ್ಲ. ಎರಡು ತಿಂಗಳು ಕೊಟ್ಟರು. ಕಳೆದದ್ದು ನಾಲ್ಕು, ಸಿಕ್ಕಿದ್ದು ಎರಡು.

ದೊಡ್ಡ ಮೇಷ್ಟ್ರು ಮಾಮನನ್ನು ಕರೆದು ಒಂದು ಗಂಟೆ ಮಾತಾಡಿದರು. ಆ ಒಂದು ಗಂಟೆಯಲ್ಲಿ ವ್ಯಂಗ್ಯ ಒಂದೂ ಇರಲಿಲ್ಲ. ಅದೇ ಮಾಮನಿಗೆ ತಡೆಯಲಾಗಲಿಲ್ಲ. ಎಚ್ಚರಿಕೆ ಪತ್ರ ಬಂತು. ಇನ್ನು ಮುಂದೆ ಪ್ರತಿ ಫ್ಲಾಸ್ಕಿನ ಚೀಟಿಗೂ, ರಿಜಿಸ್ಟರಿಗೂ ಎರಡು ಸಹಿ, ಒಂದು ಸಾಕುವವನದು, ಒಂದು ಬಳಸುವವಳದು. ಹುಡುಗಿ ಸಹಿ ಹಾಕಲು ಬಂದಾಗ ಕೋಶದ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂರುತ್ತಲೂ ಇರಲಿಲ್ಲ.

ಒಮ್ಮೆ ನಿಜ ಹೇಳಿದವನಿಗೆ ಅದರ ಚಟ ಹತ್ತುತ್ತದೆಯೋ ಏನೋ. ಹೊಸ ಮನೆಗೆ ಹೋಗುವ ಹಿಂದಿನ ಸಂಜೆ ಮಾಮ ಟೀಚರಮ್ಮನ ಬಾಗಿಲು ತಟ್ಟಿ, ಏಳು ವರ್ಷದ ಹಿಂದೆ ನಿಮ್ಮ ಗುಲಾಬಿ ನನ್ನ ಕೈಯಲ್ಲಿ ಸತ್ತಿತು, ಇದು ನರ್ಸರಿಯಿಂದ ತಂದದ್ದು ಎಂದು ಒಂದೇ ಉಸಿರಿಗೆ ಹೇಳಿದ. ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಹೋಗಪ್ಪ, ನಿನ್ನ ಗುಣ ನನಗೆ ಗೊತ್ತಿಲ್ವಾ? ಇಷ್ಟು ವರ್ಷ ಪಟ್ಟ ಪಾಡು ವ್ಯರ್ಥ ಆಯ್ತು ಅಂತ ಮುದುಕಿ ಕೊರಗಬಾರದು, ಅದಕ್ಕೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಳ್ತಾ ಇದೀಯ. ನೀರಿನದೇ ದೋಷ. ನಾನು ಮೂರನೇ ಪತ್ರ ಬರೀತಾ ಇದೀನಿ."

ಅವನು ಆಣೆ ಮಾಡಿದ. ನರ್ಸರಿಯ ವಿಳಾಸ ಕೊಟ್ಟ. ಅವರು ನಂಬಲಿಲ್ಲ. ಬೆನ್ನು ತಟ್ಟಿ ಕಳುಹಿಸಿದರು. ಅವನು ಬದುಕಿನಲ್ಲಿ ಸಂಪಾದಿಸಿದ್ದ ಒಳ್ಳೆಯ ಹೆಸರು ಅವನಿಗೇ ಅಡ್ಡ ಬಂದು ಬಾಗಿಲಲ್ಲಿ ನಿಂತಿತ್ತು.

ಟ್ಯಾಂಕಿನಿಂದ ತೆಗೆದ ಕೋಶಗಳು ಮೆಲ್ಲಗೆ ಚೇತರಿಸಿಕೊಂಡವು. ಮೂರನೇ ವಾರ ಹುಡುಗಿ ಬೀಗದ ಕೋಣೆಯೊಳಗಿನಿಂದ ಗಾಜಿಗೆ ಒಂದು ಹಾಳೆ ಒತ್ತಿ ಹಿಡಿದಳು. ಎರಡು ಕಂಬಗಳ ಚಿತ್ರ. ನೆಫ್ ಇದ್ದದ್ದು ಎತ್ತರ, ಇಲ್ಲದ್ದು ಅದರ ಪಾದದಷ್ಟು. ಮಾಮ ನೋಡಿ ತಲೆಯಾಡಿಸಿದ. ಅವಳು ನಗಲಿಲ್ಲ. ಆದರೆ ಹಾಳೆ ತೋರಿಸಿದಳಲ್ಲ ಎಂದು ಅವನು ಆ ದಿನವೆಲ್ಲ ಅಂದುಕೊಂಡ. ಇನ್ನೂ ಹತ್ತೊಂಬತ್ತು ರೋಗಿಗಳ ನೆಫ್ ಅಳೆಯುವುದು ಬಾಕಿ ಇತ್ತು, ದಿನ ಮಾತ್ರ ಮೂವತ್ತೆಂಟು.

ಅದರ ಮಾರನೇ ಭಾನುವಾರ ಮಾಮ ಮುಳ್ಳು ನೋಡಲು ಬಂದ. ಸಿಲಿಂಡರು ತುಂಬಿತ್ತು. ಗಾಳಿ ಸರಿಯಿತ್ತು. ಬಾಗಿಲು ತೆಗೆದರೆ, ಎರಡನೇ ಶೆಲ್ಫಿನ ಫ್ಲಾಸ್ಕಿನಲ್ಲಿ ಹತ್ತಿಯ ಎಳೆಯಂಥದ್ದೊಂದು ತೇಲುತ್ತಿತ್ತು. ಬೂಷ್ಟು. ಪಕ್ಕದ್ದರಲ್ಲೂ. ಉಳಿದವನ್ನು ಬೆಳಕಿಗೆ ಹಿಡಿದು ನೋಡಿದ. ಇದು ಯಾರ ತಪ್ಪೂ ಅಲ್ಲ. ಬೂಷ್ಟು ಎಷ್ಟು ಜಾಗ್ರತೆಯಿದ್ದರೂ ವರ್ಷಕ್ಕೊಮ್ಮೆ ಬಂದುಹೋಗುವ ನೆಂಟ. ಎದುರಿನ ಪ್ರಯೋಗಾಲಯದ ಬಾಗಿಲು ತೆರೆದೇ ಇತ್ತು. ಒಳಗೆ ಅಟೆಂಡರು ರೇಡಿಯೋ ಕೇಳುತ್ತ, ಏನಾದರೂ ಬೇಕಾ ಅಣ್ಣ ಎಂದು ಕೂಗಿದ. ಬೇಡ ಎಂದ ಮಾಮ.

ಮೆಟ್ಟಿಲ ಮೇಲೆ ಕೂತು ಫೋನು ಹಚ್ಚಿದ. ಹುಡುಗಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಅವನು ಊಟ ಆಯಿತಾ ಎಂದು ಕೇಳಿದ. ಚಿಕ್ಕಮ್ಮ ಹೇಗಿದ್ದಾರೆ ಎಂದು ಕೇಳಿದ. ಇನ್ನು ಕೇಳಲು ಏನೂ ಉಳಿಯಲಿಲ್ಲ.

"ಸತ್ತಿವೆ ತಾಯಿ. ಬೂಷ್ಟು ಬಂದಿದೆ."

ಮಕ್ಕಳ ಗಲಾಟೆ ದೂರವಾಯಿತು. ಅವಳು ಬೇರೆ ಕೋಣೆಗೆ ಹೋಗಿರಬೇಕು.

"ಎಷ್ಟು?"

"ಆರಕ್ಕೆ ಆರೂ."

"ಒಂದೂ ಉಳಿದಿಲ್ವಾ?"

ಒಂದು ಉಳಿದಿದೆ ಎನ್ನಲು ಅವನ ನಾಲಗೆ ಎಷ್ಟು ತವಕಪಟ್ಟಿತೆಂದರೆ, ಅದನ್ನು ಹಲ್ಲಿನ ಹಿಂದೆ ಒತ್ತಿ ಹಿಡಿಯಬೇಕಾಯಿತು. "ಒಂದೂ ಇಲ್ಲ" ಎಂದ.

ಅವಳು ದೊಡ್ಡದೊಂದು ಉಸಿರು ಬಿಟ್ಟಳು, ಇಡೀ ನಾಲ್ಕು ವರ್ಷ ಅದರಲ್ಲಿ ಹೊರಬಂದ ಹಾಗೆ.

"ಥೂ" ಎಂದಳು. "ಸರಿ. ನಾಳೆ ಎಂಟಕ್ಕೆ ಟ್ಯಾಂಕ್ ತೆಗೆಸಿ. ಟ್ಯೂಬ್ ನಾನೇ ನೋಡಿ ತೆಗೀತೀನಿ. ನೀವು ಲೇಟ್ ಮಾಡಬೇಡಿ ಮಾಮ."

ಅವನು ಮೇಲೆ ಹೋಗಿ ಆರೂ ಫ್ಲಾಸ್ಕುಗಳಿಗೆ ಬ್ಲೀಚು ಸುರಿದ. ರಿಜಿಸ್ಟರ್ ತೆಗೆದು ತಾರೀಖು ಬರೆದ. ಕಾರಣ ಎನ್ನುವ ಜಾಗದಲ್ಲಿ, ಬೂಷ್ಟು, ಆರು ಫ್ಲಾಸ್ಕು, ಎಲ್ಲವೂ ಸತ್ತಿವೆ ಎಂದು ದುಂಡಗೆ ಬರೆದು ಸಹಿ ಹಾಕಿದ. ಪಕ್ಕದಲ್ಲಿ ಎರಡನೇ ಸಹಿಯ ಜಾಗ ಖಾಲಿ ಬಿಟ್ಟ. ನಾಳೆ ಅವಳು ಬಂದು ಹಾಕುತ್ತಾಳೆ. ಹಾಕುವ ಮುಂಚೆ ಖಂಡಿತ ಎರಡು ಸಲ ಓದುತ್ತಾಳೆ.